ಇ-ಪುಸ್ತಕ ಓದಲು ಯಾವ ಸಾಧನ? ಭೋಸರಿಯ ಕನ್ನಡ ಓದುಗರ ಲೆಕ್ಕಾಚಾರ

ಇ-ಪುಸ್ತಕ ಓದುವ ಸಾಧನಗಳಲ್ಲಿ ಮೂರು ಬಗೆ: ಮೊಬೈಲ್ ಫೋನ್, ಟ್ಯಾಬ್ಲೆಟ್ ಮತ್ತು ಓದಿಗೆಂದೇ ತಯಾರಾದ ಇ-ರೀಡರ್. ಕೊಳ್ಳಲು ಹೋದವರ ಮುಂದೆ ಮಾರಾಟಗಾರರು ಪರದೆ, ಬ್ಯಾಟರಿ, ಬೆಲೆಗಳ ಪಟ್ಟಿ ಬಿಚ್ಚುತ್ತಾರೆ. ಇಂಗ್ಲಿಷ್ ಓದುಗರಿಗೆ ಅಷ್ಟು ಸಾಕು. ಕನ್ನಡ ಓದುಗರು ಅದಕ್ಕೂ ಮೊದಲು ಬೇರೆಯೇ ಪ್ರಶ್ನೆ ಕೇಳಿಕೊಳ್ಳಬೇಕು: ಓದಬೇಕೆಂದಿರುವ ಪುಸ್ತಕ ಎಲ್ಲಿ ಸಿಗುತ್ತದೆ, ಯಾವ ರೂಪದಲ್ಲಿ ಸಿಗುತ್ತದೆ? ಸಾಧನದ ಆಯ್ಕೆ ಈ ಉತ್ತರವನ್ನು ಅವಲಂಬಿಸಿದೆ.

ಪುಣೆ–ನಾಸಿಕ್ ಹೆದ್ದಾರಿಯ ಮೇಲಿರುವ ಭೋಸರಿಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ. ಪಿಂಪ್ರಿ–ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದ ಈ ಊರು ಎಂಐಡಿಸಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಪ್ರದೇಶದ ಕಾರ್ಖಾನೆಗಳಿಗೆ ಹೆಸರಾದದ್ದು. ಕಲಬುರಗಿ, ವಿಜಯಪುರ, ಬೀದರ್, ಯಾದಗಿರಿ ಜಿಲ್ಲೆಗಳಿಂದಲೂ ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದಲೂ ದುಡಿಮೆ ಅರಸಿ ಪುಣೆ ಸೀಮೆಗೆ ಬಂದ ಕನ್ನಡಿಗರು ಬಹಳ. ಬಾಡಿಗೆ ಖೋಲಿಯಲ್ಲಿ ಪುಸ್ತಕದ ಕಪಾಟಿಗೆ ಜಾಗವಿರುವುದಿಲ್ಲ. ಹೊಸ ಕನ್ನಡ ಪುಸ್ತಕ ಬೇಕೆಂದರೆ ಊರಿಗೆ ಹೋದಾಗ ತರಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಇಂಥವರಿಗೆ ಇ-ಪುಸ್ತಕ ನಿಜವಾದ ಅನುಕೂಲ.

ಮರಾಠಿಗೆ ಸರಿ, ಕನ್ನಡಕ್ಕೆ?

ಇ-ರೀಡರ್ ಎಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ಅಮೆಜಾನ್ ಕಂಪನಿಯ ಕಿಂಡಲ್. ಅಮೆರಿಕದಲ್ಲಿ 2007ರ ನವೆಂಬರ್‌ನಲ್ಲಿ ಮಾರಾಟ ಶುರುವಾದ ಈ ಸಾಧನ 2012ರಲ್ಲಿ ಭಾರತಕ್ಕೆ ಬಂತು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಮಳಿಗೆ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಒಳಗೆ ಹೋದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹೀಗಾಗಿ ಭೋಸರಿಯ ಒಂದೇ ಕಟ್ಟಡದಲ್ಲಿ ಎದುರುಬದುರು ಮನೆಯಲ್ಲಿರುವ ಇಬ್ಬರು ಓದುಗರಿಗೆ ಒಂದೇ ಸಲಹೆ ಹೊಂದುವುದಿಲ್ಲ. ಮರಾಠಿ ಕಾದಂಬರಿ ಓದುವವರಿಗೆ ಕಿಂಡಲ್ ನೇರ ದಾರಿ. ಅದೇ ಸಾಧನ ಕೊಂಡ ಕನ್ನಡ ಓದುಗರು ಪುಸ್ತಕಕ್ಕಾಗಿ ಬೇರೆಡೆ ಅಲೆಯಬೇಕಾಗುತ್ತದೆ.

ಕನ್ನಡದ ಹೊಸ ಇ-ಪುಸ್ತಕಗಳು ಹೆಚ್ಚಾಗಿ ಸಿಗುವುದು ಆ್ಯಪ್‌ಗಳಲ್ಲಿ. ಮೈಲ್ಯಾಂಗ್ ಬುಕ್ಸ್, ಗೂಗಲ್ ಪ್ಲೇ ಬುಕ್ಸ್, ವಿವಿಡ್‌ಲಿಪಿ ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಓದಬಹುದು. ಆ್ಯಪ್‌ನಲ್ಲಿ ಕೊಂಡ ಪುಸ್ತಕವನ್ನು ಸಾಮಾನ್ಯವಾಗಿ ಆ ಆ್ಯಪ್‌ನ ಒಳಗೇ ಓದಬೇಕು. ಕಡತವನ್ನು ತೆಗೆದು ಬೇರೆ ಸಾಧನಕ್ಕೆ ಹಾಕಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಆ ಆ್ಯಪ್ ನಡೆಯುವ ಸಾಧನವೇ ಬೇಕು. ಫೋನ್, ಟ್ಯಾಬ್ಲೆಟ್ ಮತ್ತು ಆಂಡ್ರಾಯ್ಡ್ ಇರುವ ಇ-ರೀಡರ್‌ನಲ್ಲಿ ಅದು ನಡೆಯುತ್ತದೆ. ಕಿಂಡಲ್, ಕೋಬೋ ಇ-ರೀಡರ್‌ಗಳಲ್ಲಿ ನಡೆಯುವುದಿಲ್ಲ.

ಹಳೆಯ ಪುಸ್ತಕಗಳ ದಾರಿ ಬೇರೆ. ಭಾರತದ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದ ಮೇಲೆ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ಗಳಗನಾಥ, ಪಂಜೆ ಮಂಗೇಶರಾಯ, ಟಿ.ಪಿ. ಕೈಲಾಸಂ, ಬಿ.ಎಂ. ಶ್ರೀಕಂಠಯ್ಯ ಇವರ ಇಂಥ ಕೃತಿಗಳೆಲ್ಲ ಈಗ ಮುಕ್ತ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಯವರ ಕೃತಿಗಳು 2024ರ ಜನವರಿ 1ರಂದು ಆ ಸಾಲಿಗೆ ಸೇರಿದವು. ಕುವೆಂಪು (1994), ಶಿವರಾಮ ಕಾರಂತ (1997) ಅವರ ಪುಸ್ತಕಗಳಿಗೆ ಇನ್ನೂ ಹಕ್ಕುಸ್ವಾಮ್ಯವಿದೆ. ಮುಕ್ತ ಕೃತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ, ಕನ್ನಡ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿದ್ದ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕಲು ಪುಸ್ತಕ ಸಂಚಯ ಎಂಬ ಜಾಲತಾಣವಿದೆ. ಇವುಗಳಲ್ಲಿ ಬಹುಪಾಲು ಸ್ಕ್ಯಾನ್ ಮಾಡಿದ ಪುಟಗಳು, ಅಂದರೆ ಪಿಡಿಎಫ್. ಅವನ್ನು ಓದುವ ಕಷ್ಟವೇ ಬೇರೆ.

ಇ-ಇಂಕ್ ಪರದೆಯ ಗುಟ್ಟು

ಇ-ರೀಡರ್ ಮತ್ತು ಫೋನ್ ನಡುವಿನ ಮುಖ್ಯ ವ್ಯತ್ಯಾಸ ಪರದೆಯದು. ಫೋನ್ ಪರದೆ ಬೆಳಕನ್ನು ಕಣ್ಣಿಗೆ ಸೂಸುತ್ತದೆ. ಇ-ಇಂಕ್ ಪರದೆಯಲ್ಲಿ ಕೂದಲೆಳೆಯ ದಪ್ಪದ ಲಕ್ಷಾಂತರ ಕೋಶಗಳಿವೆ. ಪ್ರತಿ ಕೋಶದೊಳಗೆ ವಿರುದ್ಧ ವಿದ್ಯುದಾವೇಶದ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಹರಿದಾಗ ಒಂದು ಬಣ್ಣದ ಕಣ ಮೇಲೆ ಬಂದು ಇನ್ನೊಂದು ಕೆಳಗಿಳಿಯುತ್ತದೆ, ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ನಿಲ್ಲಲು ವಿದ್ಯುತ್ ಬೇಡ. ಪುಟ ತಿರುವುವಾಗ ಮಾತ್ರ ಬೇಕು. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಓದಬಹುದು. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ತಂತ್ರಜ್ಞಾನಕ್ಕಾಗಿ 1997ರಲ್ಲಿ ಇ ಇಂಕ್ ಕಂಪನಿ ಆರಂಭವಾಯಿತು. 2004ರಲ್ಲಿ ಜಪಾನಿನಲ್ಲಿ ಸೋನಿ ಮಾರಿದ ಲಿಬ್ರಿಯೆ ಇದನ್ನು ಬಳಸಿದ ಮೊದಲ ಓದುವ ಸಾಧನ.

ಕಾಗದದಂತೆ ಹೊರಗಿನ ಬೆಳಕಿನಲ್ಲೇ ಕಾಣುವುದರಿಂದ ಮಧ್ಯಾಹ್ನದ ಬಿಸಿಲಲ್ಲಿ ನಾಸಿಕ್ ಫಾಟಾ ಮೆಟ್ರೋ ನಿಲ್ದಾಣದ ಹೊರಗೆ ನಿಂತರೂ ಅಕ್ಷರ ಮಸುಕಾಗದು. ರಾತ್ರಿ ಪಾಳಿ ಮುಗಿಸಿ ಬಂದವರು ಖೋಲಿಯ ದೀಪ ಆರಿಸಿ ಓದಬೇಕಾದರೆ ಪರದೆಗೇ ದೀಪವಿರುವ ಮಾದರಿ ಬೇಕು; ಬೆಳಕನ್ನು ಹಳದಿಗೆ ತಿರುಗಿಸುವ ಸೌಕರ್ಯ ಇದ್ದರೆ ಇನ್ನೂ ಒಳ್ಳೆಯದು. ಆದರೆ ಇ-ರೀಡರ್ ಕೊಂಡರೆ ಕಣ್ಣುನೋವು ಬರುವುದೇ ಇಲ್ಲ ಎಂಬ ಮಾತನ್ನು ನಂಬಬೇಕಿಲ್ಲ. ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗುವುದೇ ದಣಿವಿಗೆ ದೊಡ್ಡ ಕಾರಣ. ಯಾವ ಸಾಧನವಾದರೂ ನಡುನಡುವೆ ದೂರ ನೋಡಿ ಕಣ್ಣಿಗೆ ಬಿಡುವು ಕೊಡಬೇಕು.

ಒತ್ತಕ್ಷರದ ಪರೀಕ್ಷೆ

ಕನ್ನಡ ಅಕ್ಷರ ಪರದೆಯ ಮೇಲೆ ಸರಿಯಾಗಿ ಮೂಡಲು ಎರಡು ಸಂಗತಿ ಬೇಕು: ಯುನಿಕೋಡ್ ಕನ್ನಡ ಫಾಂಟ್, ಮತ್ತು ವ್ಯಂಜನ, ಒತ್ತು, ಗುಣಿತಗಳನ್ನು ಜೋಡಿಸಬಲ್ಲ ತಂತ್ರಾಂಶ. ಮೊದಲನೆಯದಿದ್ದು ಎರಡನೆಯದು ಇಲ್ಲದಿದ್ದರೆ ಅಕ್ಷರಗಳು ಒಡೆದು ಬೀಳುತ್ತವೆ: "ರಾಷ್ಟ್ರ" ಎಂಬುದು "ರಾಷ್‌ಟ್‌ರ" ಎಂದು ಮೂಡುತ್ತದೆ.

ಕೊಳ್ಳುವ ಮೊದಲು ಇದನ್ನು ಪರೀಕ್ಷಿಸುವುದು ಸುಲಭ. ಸ್ತ್ರೀ, ರಾಷ್ಟ್ರ, ವೈಶಿಷ್ಟ್ಯ, ಸೂರ್ಯ, ಹೃದಯ ಎಂಬ ಐದು ಪದಗಳಿರುವ ಒಂದು ಪುಟದ ಇಪಬ್ (ಇ-ಪುಸ್ತಕಗಳ ಸಾಮಾನ್ಯ ಕಡತರೂಪ) ಕಡತವನ್ನು ಸಾಧನದಲ್ಲಿ ತೆರೆದು ನೋಡಬೇಕು. "ಸ್ತ್ರೀ"ಯಲ್ಲಿ ಎರಡೂ ಒತ್ತುಗಳು ಕೆಳಗಿಳಿದಿರಬೇಕು, "ಸೂರ್ಯ"ದಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಕೂತಿರಬೇಕು. ಫಾಂಟ್ ಗಾತ್ರ ಹೆಚ್ಚಿಸಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ತಾಗಿದರೆ ಸಾಲುಗಳ ನಡುವಿನ ಅಂತರ ಹೆಚ್ಚಿಸುವ ಅವಕಾಶ ಇದೆಯೇ ನೋಡಬೇಕು. ಕಿಂಡಲ್ ಮತ್ತು ಕೋಬೋಗಳಲ್ಲಿ ಬಳಕೆದಾರರು ತಮ್ಮದೇ ಫಾಂಟ್ ಸೇರಿಸಿಕೊಳ್ಳಬಹುದು. ನೋಟೋ ಸೆರಿಫ್ ಕನ್ನಡ, ಗುಬ್ಬಿ, ನವಿಲು ಉಚಿತವಾಗಿ ಸಿಗುವ ಒಳ್ಳೆಯ ಫಾಂಟ್‌ಗಳು. ಕೋಬೋಗೂ ಆಂಡ್ರಾಯ್ಡ್ ಸಾಧನಗಳಿಗೂ ಹಾಕಿಕೊಳ್ಳಬಹುದಾದ ಕೆಒರೀಡರ್ ಎಂಬ ಉಚಿತ ತಂತ್ರಾಂಶ ಒತ್ತಕ್ಷರಗಳನ್ನು ಚೆನ್ನಾಗಿ ಜೋಡಿಸುತ್ತದೆ. ಕಡತದ ರೂಪ ಬದಲಿಸಲು, ಕಂಪ್ಯೂಟರಿನಲ್ಲಿ ಪುಸ್ತಕಗಳನ್ನು ಓರಣವಾಗಿಡಲು ಕ್ಯಾಲಿಬರ್ ಇದೆ, ಅದೂ ಉಚಿತ.

ಪರದೆ ಎಷ್ಟು ದೊಡ್ಡದಿರಬೇಕು?

ಇಪಬ್ ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಮರುಜೋಡಣೆಯಾಗುತ್ತವೆ, ಆದ್ದರಿಂದ 6 ಇಂಚಿನ ಪರದೆ ಸಾಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಗಲ್ಲ. ಪುಟ ಇದ್ದ ಹಾಗೆಯೇ ಕುಗ್ಗುತ್ತದೆ. ಕನ್ನಡದ ಹೆಚ್ಚಿನ ಕಾದಂಬರಿಗಳ ಅಳತೆ ಡೆಮಿ 1/8, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. 6 ಇಂಚಿನ ಇ-ರೀಡರ್‌ನ ಪರದೆ ಸುಮಾರು 3.6 ಇಂಚು ಅಗಲ, 4.8 ಇಂಚು ಎತ್ತರ. ಇಡೀ ಪುಟವನ್ನು ಅದರಲ್ಲಿ ಹಿಡಿಸಿದರೆ 12 ಪಾಯಿಂಟ್ ಅಕ್ಷರ 7 ಪಾಯಿಂಟ್‌ಗಿಂತ ಚಿಕ್ಕದಾಗುತ್ತದೆ, ಒತ್ತುಗಳಂತೂ ಕಣ್ಣಿಗೇ ಬೀಳವು. 10.3 ಇಂಚಿನ ಪರದೆಯಲ್ಲಿ ಅದೇ ಪುಟ ಹೆಚ್ಚುಕಡಿಮೆ ಮೂಲ ಗಾತ್ರದಲ್ಲೇ ಕಾಣುತ್ತದೆ. ಆ ಅಳತೆಯ ಇ-ಇಂಕ್ ಸಾಧನ ದುಬಾರಿ; ಹಳೆಯ ಪುಸ್ತಕಗಳೇ ಬೇಕೆನ್ನುವವರಿಗೆ 10 ಇಂಚಿನ ಸಾಧಾರಣ ಟ್ಯಾಬ್ಲೆಟ್ ಕಡಿಮೆ ಖರ್ಚಿನ ದಾರಿ. ಅಂಚಿನ ಖಾಲಿ ಜಾಗ ಕತ್ತರಿಸಿ ತೋರಿಸುವ ಸೌಲಭ್ಯ ಓದುವ ಆ್ಯಪ್‌ನಲ್ಲಿದ್ದರೆ 8 ಇಂಚಿನದೂ ನಡೆಯುತ್ತದೆ.

ಸ್ಕ್ಯಾನ್ ಪುಟಗಳು ಚಿತ್ರಗಳಾದ್ದರಿಂದ ಕಡತವೂ ಭಾರ. ನಿಧಾನಗತಿಯ ಇ-ರೀಡರ್‌ನಲ್ಲಿ ಪುಟ ತಿರುವಿದಾಗಲೆಲ್ಲ ಕಾಯಬೇಕಾಗುತ್ತದೆ. ಬಣ್ಣದ ಇ-ಇಂಕ್ ಪರದೆಗಳೂ ಬಂದಿವೆ. ಅವುಗಳಲ್ಲಿ ಕಪ್ಪು-ಬಿಳುಪು ಅಕ್ಷರ ಇಂಚಿಗೆ 300 ಚುಕ್ಕಿಗಳಷ್ಟು ಸ್ಪಷ್ಟವಾಗಿದ್ದರೆ ಬಣ್ಣ 150ಕ್ಕೆ ಇಳಿಯುತ್ತದೆ, ಪರದೆಯೂ ಕೊಂಚ ಮಬ್ಬು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಉಚಿತವಾಗಿ ಸಿಗುವ ಕನ್ನಡ ಮಕ್ಕಳ ಚಿತ್ರಪುಸ್ತಕಗಳನ್ನು ಮನೆಯ ಮಕ್ಕಳಿಗೆ ತೋರಿಸಲು ಟ್ಯಾಬ್ಲೆಟ್ ಮೇಲು.

ಉಳಿದ ಲೆಕ್ಕ

ತೂಕದಲ್ಲಿ ಇ-ರೀಡರ್ ಹಗುರ. 2022ರ ಸಾದಾ ಕಿಂಡಲ್ 158 ಗ್ರಾಂ. 10 ಇಂಚಿನ ಟ್ಯಾಬ್ಲೆಟ್ ಅದರ ಮೂರು ಪಟ್ಟು. ಪುಣೆಯ ಮಳೆಗಾಲದಲ್ಲಿ ಬಸ್ಸಿಗೆ ಕಾಯುವವರು ನೀರು ತಡೆಯುವ ಮಾದರಿ ನೋಡಬೇಕು. ಐಪಿಎಕ್ಸ್8 ಎಂಬ ಗುರುತು ಅದನ್ನು ಸೂಚಿಸುತ್ತದೆ. ಫೋನಿನ ಚಾರ್ಜರನ್ನೇ ಬಳಸಲು ಟೈಪ್-ಸಿ ಕಿಂಡಿ ಇರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಹಿಂದಿನ ಮಾಲೀಕರ ಖಾತೆ ತೆಗೆಸಿ, ಪರದೆಯಲ್ಲಿ ಹಳೆಯ ಪುಟದ ನೆರಳು ಉಳಿಯುತ್ತದೆಯೇ ನೋಡಿ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿದೇ ಹಣ ಕೊಡಬೇಕು. ಆಂಡ್ರಾಯ್ಡ್ ಇ-ರೀಡರ್‌ಗಳಲ್ಲಿ ಚೀನಾದ ಓನಿಕ್ಸ್ ಬೂಕ್ಸ್ ಹೆಸರಾದದ್ದು. ಅದನ್ನು ಆನ್‌ಲೈನ್‌ನಲ್ಲಿ ತರಿಸುವ ಮುನ್ನ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ, ದುರಸ್ತಿ ಎಲ್ಲಿ ಎಂದು ಕೇಳಿಕೊಳ್ಳುವುದು ಅಗತ್ಯ.

ಒಟ್ಟಾರೆ ಆಯ್ಕೆ ಹೀಗಿರಬಹುದು. ಇ-ಪುಸ್ತಕ ಹೊಸದಾಗಿ ಶುರು ಮಾಡುವವರು ಏನನ್ನೂ ಕೊಳ್ಳದೆ ಕೈಯಲ್ಲಿರುವ ಫೋನಿನಲ್ಲೇ ಎರಡು-ಮೂರು ಪುಸ್ತಕ ಓದಿ ನೋಡಲಿ. ನಿತ್ಯ ಹೊಸ ಕನ್ನಡ ಪುಸ್ತಕ ಓದುವವರಿಗೆ 7 ಇಂಚಿನ ಆಸುಪಾಸಿನ ಆಂಡ್ರಾಯ್ಡ್ ಇ-ರೀಡರ್ ಸರಿ. ಹಳೆಯ ಸ್ಕ್ಯಾನ್ ಪುಸ್ತಕಗಳಿಗೆ ದೊಡ್ಡ ಟ್ಯಾಬ್ಲೆಟ್. ಇಂಗ್ಲಿಷ್, ಮರಾಠಿ ಹೆಚ್ಚು ಓದಿ ಕನ್ನಡ ಅಪರೂಪಕ್ಕೆ ಓದುವವರಿಗೆ ಮಾತ್ರ ಕಿಂಡಲ್. ಅದರ 7 ಇಂಚಿನ ಪೇಪರ್‌ವೈಟ್ 2025ರಲ್ಲಿ ಭಾರತಕ್ಕೆ ಬಂದಾಗ ಬೆಲೆ 17 ಸಾವಿರ ರೂಪಾಯಿಯ ಹತ್ತಿರವಿತ್ತು. ಅಷ್ಟು ಹಣ ಹಾಕುವ ಮುನ್ನ ಮುಂದಿನ ಆರು ತಿಂಗಳಲ್ಲಿ ಓದಬೇಕೆಂದಿರುವ ಹತ್ತು ಪುಸ್ತಕಗಳ ಪಟ್ಟಿ ಬರೆದು, ಪ್ರತಿಯೊಂದು ಎಲ್ಲಿ ಸಿಗುತ್ತದೆ ಎಂದು ಹುಡುಕಿ ನೋಡಬೇಕು. ಹೆಚ್ಚಿನ ಪುಸ್ತಕಗಳು ಯಾವ ಸಾಧನದಲ್ಲಿ ತೆರೆಯುತ್ತವೆಯೋ ಅದನ್ನೇ ಕೊಳ್ಳುವುದು ಜಾಣತನ.