ಟೆನಿಸ್ ಪಂದ್ಯ ‘ಸಾರ್ವಕಾಲಿಕ ಶ್ರೇಷ್ಠ’ ಆಗುವುದು ಹೇಗೆ?

ಪ್ರಶ್ನೆ: ಯಾವ ಟೆನಿಸ್ ಪಂದ್ಯ ಶ್ರೇಷ್ಠ ಎಂಬ ವಾದ ಅಭಿಮಾನಿಗಳಲ್ಲಿ ಮುಗಿಯುವುದೇ ಇಲ್ಲ. ಅಂಥದ್ದೇನಿರುತ್ತದೆ ಅದರಲ್ಲಿ? (ಓದುಗರು, ಯಲಹಂಕ)

ಉತ್ತರ: ಗುಟ್ಟಿರುವುದು ಅಂಕ ಎಣಿಸುವ ಕ್ರಮದಲ್ಲಿ. ಸ್ಲೇಟು ಒರೆಸಿ ಮತ್ತೆ ಬರೆದಂತೆ, ಪ್ರತಿ ಸೆಟ್ ಸೊನ್ನೆಯಿಂದಲೇ ಶುರು. 6-0ರಲ್ಲಿ ಸೋತರೂ 7-6ರಲ್ಲಿ ಸೋತರೂ ಹೋಗುವುದು ಒಂದೇ ಸೆಟ್. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಫೆಡರರ್ ಗಳಿಸಿದ್ದು 218 ಪಾಯಿಂಟ್, ಜೊಕೊವಿಚ್ 204, ಗೆದ್ದದ್ದು ಜೊಕೊವಿಚ್! ಹಿಂದೆ ಬಿದ್ದವರಿಗೂ ಕೊನೆಯವರೆಗೆ ಅವಕಾಶವಿರುತ್ತದೆ. ಇದರ ಜೊತೆಗೆ ಒಳ್ಳೆಯ ಆಟ, ದೊಡ್ಡ ಪಣ ಎರಡೂ ಸೇರಬೇಕು.

2014ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಟೆನಿಸ್ ಅಂಗಳದಲ್ಲಿ ಆದದ್ದು ಇದೇ. ದೇಶಗಳ ನಡುವಿನ ಡೇವಿಸ್ ಕಪ್‌ನಲ್ಲಿ ಭಾರತದ ವಿರುದ್ಧ ಸರ್ಬಿಯಾ 2-0 ಮುಂದಿತ್ತು. ಡಬಲ್ಸ್‌ನಲ್ಲಿ ಪೇಸ್ ಮತ್ತು ಕೊಡಗಿನ ಬೋಪಣ್ಣ 1-6, 6-7ರಲ್ಲಿ ಎರಡು ಸೆಟ್ ಕಳೆದುಕೊಂಡು, ಮುಂದಿನ ಮೂರನ್ನೂ 6-3, 6-3, 8-6ರಲ್ಲಿ ಗೆದ್ದರು. ಬೆಂಗಳೂರು ಕಂಡ ಶ್ರೇಷ್ಠ ಪಂದ್ಯ ಯಾವುದೆಂದು ಕೇಳಿದರೆ, ನನ್ನ ಮತ ಅದಕ್ಕೇ.