ಗುಜರಿಯೊಳಗಿನ ಚಿನ್ನ ಯಾವ ಊರಿಗೆ?

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಆ ಹೊತ್ತಿಗೆ ನೆಲದಾಳದಿಂದ ಕಲ್ಲು ಎತ್ತಿ ಅರೆದರೂ ಟನ್ನಿಗೆ ಸಿಗುತ್ತಿದ್ದುದು ಮೂರ್ನಾಲ್ಕು ಗ್ರಾಂ. ಹಳೆಯ ಕಂಪ್ಯೂಟರುಗಳ ಬೋರ್ಡುಗಳನ್ನು ಒಂದು ಟನ್ ಗುಡ್ಡೆ ಹಾಕಿ ನೋಡಿ: ಅದರಲ್ಲಿ ಸುಮಾರು 200 ಗ್ರಾಂ ಚಿನ್ನವಿರುತ್ತದೆ. ಮುಳಬಾಗಿಲಿನ ಮೊಬೈಲ್ ರಿಪೇರಿ ಅಂಗಡಿಯ ಮೂಲೆಯ ಡಬ್ಬದಲ್ಲಿ ಬಿದ್ದಿರುವುದು ಗಣಿಯ ಅದಿರಿಗಿಂತ ಎಷ್ಟೋ ಪಟ್ಟು ಶ್ರೀಮಂತ ಅದಿರು.

ಅದನ್ನು ತೆಗೆಯುವ ಬಗೆಯಲ್ಲೇ ತೊಡಕಿರುವುದು. ಬೆಂಗಳೂರಿನ ಸಣ್ಣ ಶೆಡ್ಡುಗಳಲ್ಲಿ ಇದಕ್ಕೆ ಸಯನೈಡ್, ನೈಟ್ರಿಕ್ ಆಸಿಡ್, ಪಾದರಸ ಬಳಸುತ್ತಿದ್ದುದನ್ನು ಸ್ವಿಸ್ ಸಂಶೋಧಕರು 2000ದ ದಶಕದಲ್ಲಿ ಅಳೆದು ನೋಡಿದರು. ಬೋರ್ಡಿನಲ್ಲಿದ್ದ ಚಿನ್ನದಲ್ಲಿ ಕೈಗೆ ಬರುತ್ತಿದ್ದುದು ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ. ಉಳಿದದ್ದು ಆಸಿಡ್ ಸಮೇತ ಮೋರಿಗೆ. ಕೆಲಸಗಾರನ ಶ್ವಾಸಕೋಶವೂ ಹಾಳು, ಚಿನ್ನವೂ ಹಾಳು.

ಸರಿಯಾದ ದಾರಿಯ ಮೊದಲ ಪ್ರಯತ್ನಗಳಲ್ಲೊಂದು ನಮ್ಮ ರಾಜ್ಯದಲ್ಲೇ ನಡೆಯಿತು. ಪಿ. ಪಾರ್ಥಸಾರಥಿಯವರ ಇ-ಪರಿಸರ ಸಂಸ್ಥೆ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರ ಸುಮಾರಿಗೆ ಕೆಲಸ ಆರಂಭಿಸಿತು. ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ಅದು. ಅಲ್ಲಿ ಕೈಯಿಂದ ಬಿಚ್ಚಿ ಕಬ್ಬಿಣ, ಪ್ಲಾಸ್ಟಿಕ್, ಗಾಜು ಬೇರೆ ಮಾಡುತ್ತಿದ್ದರು. ಬೋರ್ಡುಗಳು ಹೋಗುತ್ತಿದ್ದುದು ಹಡಗಿನಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಕ್ಕದ ಹೋಬೋಕೆನ್‌ಗೆ. ಅಲ್ಲಿನ ಯೂಮಿಕೋರ್ ಕಂಪನಿಯ ಕುಲುಮೆ ಬೋರ್ಡುಗಳನ್ನು ಕರಗಿಸಿ, ವಿಷದ ಹೊಗೆಯನ್ನು ತೊಳೆದು, ಚಿನ್ನದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲನ್ನು ಹಿಂದೆ ಪಡೆಯುತ್ತದೆ.

ಇ-ತ್ಯಾಜ್ಯದ ರಫ್ತು ಎಂದರೆ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕಸ ದಬ್ಬುವುದು ಎಂದೇ ಓದಿರುತ್ತೇವೆ. ಅದು ನಿಜವೂ ಹೌದು. ಚೀನಾದ ಗುಯಿಯು, ಘಾನಾದ ಅಗ್ಬೊಗ್ಬ್ಲೋಶಿ ಆ ಕಾರಣಕ್ಕೇ ಹೆಸರು ಕೆಡಿಸಿಕೊಂಡವು. ಕೆಟ್ಟ ಮಾನಿಟರಿಗೆ 'ಸೆಕೆಂಡ್ ಹ್ಯಾಂಡ್' ಎಂದು ಕಾಗದ ಮಾಡಿಸಿದರೆ ಕಸ ಸರಕಾಗುತ್ತದೆ, ಬಂದರು ದಾಟುತ್ತದೆ. ದಾಬಸ್‌ಪೇಟೆಯ ಬೋರ್ಡುಗಳು ಇದರ ತಿರುವುಮುರುವಾಗಿ ಸಾಗಿದವು. ಆದ್ದರಿಂದ ಹಡಗು ಯಾವ ದಿಕ್ಕಿಗೆ ಹೊರಟಿತು ಎನ್ನುವುದಕ್ಕಿಂತ, ಸಾಗಿಸುವುದು ಯಾವ ಹಂತದಲ್ಲಿ, ಅದರ ವಿಷ ಯಾರ ಮನೆಯ ಪಕ್ಕ ಉಳಿಯುತ್ತದೆ ಎಂದು ಕೇಳುವುದು ಮೇಲು.

ಹೋಬೋಕೆನ್ನಿನವರೂ ಅದನ್ನೇ ಕೇಳುತ್ತಿದ್ದಾರೆ. 2020ರಲ್ಲಿ ಆ ಕಾರ್ಖಾನೆಯ ಪಕ್ಕದ ಬಡಾವಣೆಯ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿದ್ದು ಗೊತ್ತಾಗಿ ಗದ್ದಲವಾಯಿತು. ಹತ್ತಿರದ ಮನೆಗಳನ್ನು ಕೊಂಡುಕೊಳ್ಳಲು ಕಂಪನಿ ಮುಂದಾಯಿತು. ಜಗತ್ತಿನ ಒಳ್ಳೆಯ ಕುಲುಮೆಗಳಲ್ಲೊಂದರ ಕಥೆ ಇದು. ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿ ನಡೆಸುತ್ತಿದ್ದ ಬ್ರಿಟಿಷರ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಇಲ್ಲಿನ ಚಿನ್ನ ಇಂಗ್ಲೆಂಡಿಗೆ ಹೋಯಿತು, ಅದಿರು ಅರೆದು ಉಳಿದ ಸಯನೈಡ್ ದಿಬ್ಬಗಳು ಇಲ್ಲೇ ಉಳಿದವು. ಗಾಳಿಕಾಲದಲ್ಲಿ ಅವುಗಳ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ.

ಇಂಥ ಸಾಗಾಟಕ್ಕೆ ಜಗತ್ತಿನ ಮಟ್ಟದ ಕಟ್ಟಳೆಯೆಂದರೆ 1989ರ ಬಾಸೆಲ್ ಒಪ್ಪಂದ. ವಿಷಕಾರಿ ತ್ಯಾಜ್ಯವನ್ನು ಗಡಿ ದಾಟಿಸುವ ಮೊದಲು ತೆಗೆದುಕೊಳ್ಳುವ ದೇಶದ ಒಪ್ಪಿಗೆ ಲಿಖಿತವಾಗಿ ಬೇಕು ಎನ್ನುವುದು ಅದರ ತಿರುಳು. 2025ರ ಜನವರಿ 1ರಿಂದ ವಿಷಕಾರಿಯಲ್ಲದ ಇ-ತ್ಯಾಜ್ಯಕ್ಕೂ ಈ ಒಪ್ಪಿಗೆ ಕಡ್ಡಾಯ. ಒಪ್ಪಂದಕ್ಕೆ ಸಹಿ ಹಾಕಿಯೂ ಅನುಮೋದಿಸದ ಅಮೆರಿಕ ಇನ್ನೂ ಹೊರಗೇ ನಿಂತಿದೆ.

ಇನ್ನು ನಮ್ಮ ತಾಲ್ಲೂಕುಗಳಿಗೆ ಬರೋಣ. ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. ಮೊದಲು ವಿಸ್ಟ್ರಾನ್‌ನದು, 2023ರಿಂದ ಟಾಟಾದವರದು. ಅದೇ ಪ್ರದೇಶದಲ್ಲಿ ಬೆಂಗಳೂರಿನ ಸೆರೆಬ್ರಾ ಕಂಪನಿ ಇ-ತ್ಯಾಜ್ಯ ಘಟಕ ಕಟ್ಟಿತು. ಹೊಸ ಫೋನು ಹೊರಡುವ ಜಾಗಕ್ಕೇ ಹಳೆಯದು ಮರಳಿ ಬರುವ ಏರ್ಪಾಡು. ಬೆಂಗಳೂರು ಬಳಸಿಬಿಟ್ಟ ನೀರೂ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಇದೇ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ; ಆ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಂಡು ಜನ ಬೀದಿಗಿಳಿದರು. ರಾಜಧಾನಿಯಿಂದ ಬರುವುದು ಏನು, ಎಷ್ಟು ಶುದ್ಧ ಎಂದು ಕೇಳುವ ರೂಢಿ ಇಲ್ಲಿಗೆ ಹೊಸದಲ್ಲ. ಇ-ತ್ಯಾಜ್ಯ ಘಟಕಗಳನ್ನೂ ಹಾಗೆಯೇ ಕೇಳಬೇಕು.

ಆದರೆ ಶ್ರೀನಿವಾಸಪುರದ ಕೆಟ್ಟ ಟಿವಿ ಮೊದಲು ಸೇರುವುದು ಗುಜರಿ ಗಾಡಿಯನ್ನು. 2022ರ ಇ-ತ್ಯಾಜ್ಯ ನಿಯಮಗಳು ತಯಾರಕ, ಉತ್ಪಾದಕ, ದುರಸ್ತಿಗಾರ, ಮರುಬಳಕೆದಾರ ಎಂಬ ನಾಲ್ವರನ್ನು ಮಾತ್ರ ನೋಂದಾಯಿಸುತ್ತವೆ. ಮನೆಮನೆ ತಿರುಗಿ ಹೊತ್ತು ತರುವ ಗುಜರಿಯವನಿಗೆ ಅಲ್ಲೊಂದು ಸಾಲೂ ಇಲ್ಲ. ನನ್ನ ಮಟ್ಟಿಗೆ ಇದೇ ಆ ನಿಯಮಗಳ ದೊಡ್ಡ ಕೊರತೆ. ಅವನನ್ನು ಕಳ್ಳನಂತೆ ಕಾಣುವುದರಿಂದ ಏನೂ ಬದಲಾಗದು. ಬಿಚ್ಚದ ಸಾಮಾನಿಗೆ ಒಳ್ಳೆಯ ಬೆಲೆ ಸಿಕ್ಕರೆ ಅವನೇಕೆ ವೈರು ಸುಡಬೇಕು?

ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು. ತಾಮ್ರದ ಆಸೆಗೆ ಕೇಬಲ್ ಸುಡಬೇಡಿ, ಪ್ಲಾಸ್ಟಿಕ್ ಹೊದಿಕೆಯ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಡಬ್ಬಿಯಂಥ ಹಳೆಯ ಟಿವಿಯ ಗಾಜಿನಲ್ಲಿ ಸೀಸವಿದೆ, ಒಡೆಯಬೇಡಿ. ಉಬ್ಬಿದ ಬ್ಯಾಟರಿಯನ್ನು ಬೇರೆಯಾಗಿಡಿ. ಮಾಲೂರಿನ ಶಾಲೆಯೋ ಸಹಕಾರಿ ಬ್ಯಾಂಕೋ ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕುವಾಗ ಹೆಚ್ಚು ಕೂಗಿದವರಿಗೆ ಕೊಟ್ಟು ಕೈತೊಳೆದುಕೊಳ್ಳದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನ್ಯತೆ ಇರುವವರಿಗೇ ಕೊಟ್ಟು ರಸೀದಿ ಪಡೆಯಲಿ. ಬೋರ್ಡುಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎನ್ನುವುದನ್ನೂ ಬರವಣಿಗೆಯಲ್ಲೇ ಕೇಳಲಿ.