ವರ್ಗಾವಣೆ ಅಪ್ಪನಿಗೆ, ಹೊಸ ಶಾಲೆ ಮಗುವಿಗೆ

‘ನಿಮ್ಮ ಊರು ಯಾವುದು?’ ಎಂದರೆ ನಾವೆಲ್ಲ ಥಟ್ಟನೆ ಉತ್ತರಿಸುತ್ತೇವೆ. ಇದೇ ಪ್ರಶ್ನೆಯನ್ನು ಸೈನಿಕನ ಮಗನನ್ನೋ ಮಗಳನ್ನೋ ಕೇಳಿ ನೋಡಿ. ಒಂದು ಕ್ಷಣ ತಡವರಿಸುವುದುಂಟು. ಹುಟ್ಟಿದ್ದು ಬೆಳಗಾವಿ, ಒಂದನೇ ತರಗತಿ ಪಠಾಣ್‌ಕೋಟ್, ನಾಲ್ಕನೆಯದು ತೇಜಪುರ, ಏಳನೆಯದು ಸಿಕಂದರಾಬಾದ್ ಎಂದಾದರೆ ಇವುಗಳಲ್ಲಿ ‘ನಮ್ಮೂರು’ ಎನ್ನುವುದು ಯಾವುದನ್ನು?

ಸೇನೆಯಲ್ಲಿ ಸಾಮಾನ್ಯವಾಗಿ ಎರಡು-ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಆದೇಶದಲ್ಲಿರುವುದು ಒಬ್ಬರ ಹೆಸರು. ಗಂಟುಮೂಟೆ ಕಟ್ಟುವುದು ಇಡೀ ಸಂಸಾರ. ದೊಡ್ಡವರಿಗೆ ಹೋದಲ್ಲೆಲ್ಲ ಅದೇ ಸಮವಸ್ತ್ರ, ಅದೇ ಶಿಸ್ತು. ಮಗುವಿಗೆ ಮಾತ್ರ ಹೊಸ ಬೆಂಚು, ಹೊಸ ಮುಖಗಳು, ಆಟದ ಮೈದಾನದಲ್ಲಿ ಹೊಸ ಭಾಷೆ.

ಈ ಕಷ್ಟ ಸರ್ಕಾರಕ್ಕೆ ತಿಳಿಯದ್ದೇನಲ್ಲ. ವರ್ಗವಾಗುವ ಕೇಂದ್ರ ನೌಕರರ ಮತ್ತು ಸೈನಿಕರ ಮಕ್ಕಳ ಓದು ಕೆಡಬಾರದೆಂದೇ 1963ರಲ್ಲಿ 20 ರೆಜಿಮೆಂಟ್ ಶಾಲೆಗಳನ್ನು ವಹಿಸಿಕೊಂಡು ಕೇಂದ್ರೀಯ ಶಾಲೆಗಳನ್ನು ಆರಂಭಿಸಲಾಯಿತು. ಇಂದಿನ 1,200ಕ್ಕೂ ಹೆಚ್ಚು ಕೇಂದ್ರೀಯ ವಿದ್ಯಾಲಯಗಳ ಬೇರು ಅಲ್ಲಿದೆ. ಜಮ್ಮುವಿನಿಂದ ತಿರುವನಂತಪುರದವರೆಗೆ ಒಂದೇ ಪಠ್ಯಕ್ರಮ. ಪ್ರವೇಶದ ಆದ್ಯತೆಯಲ್ಲಿ ಹಿಂದಿನ ಏಳು ವರ್ಷಗಳಲ್ಲಿ ಪೋಷಕರಿಗೆ ಎಷ್ಟು ಸಲ ವರ್ಗವಾಗಿದೆ ಎಂಬುದನ್ನೂ ಲೆಕ್ಕ ಹಾಕುತ್ತಾರೆ! ಇದಲ್ಲದೆ, 1983ರಲ್ಲಿ ಸ್ಥಾಪನೆಯಾದ ಸೇನಾ ಕಲ್ಯಾಣ ಶಿಕ್ಷಣ ಸಂಸ್ಥೆಯು ಆರ್ಮಿ ಪಬ್ಲಿಕ್ ಶಾಲೆಗಳನ್ನು ನಡೆಸುತ್ತಿದೆ.

ಹೀಗೆ ಪಾಠ ಮುಂದುವರಿಯುತ್ತದೆ ನಿಜ. ಆದರೆ ಶಾಲೆ ತುಂಬಿಕೊಡಲಾಗದ ಕೊರತೆಗಳೂ ಇವೆ.

ಮೊದಲನೆಯದು ತಂದೆಯ ಗೈರುಹಾಜರಿ. ‘ಪೀಸ್ ಸ್ಟೇಷನ್’ನಲ್ಲಿ ಸಂಸಾರ ಜೊತೆಗಿರಬಹುದು; ಗಡಿಯ ‘ಫೀಲ್ಡ್’ ಪ್ರದೇಶಕ್ಕೆ ಸೈನಿಕ ಒಬ್ಬನೇ ಹೋಗಬೇಕು. ಅಲ್ಲಿಗೆ ಬರೆವ ಪತ್ರದ ಮೇಲೆ ಊರಿನ ಹೆಸರಿರುವುದಿಲ್ಲ, 56 ಎ.ಪಿ.ಒ. ಅಥವಾ 99 ಎ.ಪಿ.ಒ. ಎಂಬ ಸೇನಾ ಅಂಚೆಯ ಸಂಖ್ಯೆ ಮಾತ್ರ. ಅಪ್ಪ ಎಲ್ಲಿದ್ದಾರೆಂದು ಮಗುವಿಗೆ ಭೂಪಟದಲ್ಲಿ ಬೆರಳಿಟ್ಟು ತೋರಿಸಲಾಗದು. 1999ರಲ್ಲಿ ಕಾರ್ಗಿಲ್ ಯುದ್ಧವನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು, ಆಗ ಸೈನಿಕರ ಮಕ್ಕಳೂ ನೋಡಿದರು. ಎಲ್ಲರಿಗೂ ಅದು ಸುದ್ದಿ, ಅವರಿಗೆ ಮನೆಯ ವಿಷಯ. ಇಂಥ ಹೊತ್ತಿನಲ್ಲಿ ‘ಏನೂ ಆಗಲ್ಲ ಬಿಡು’ ಎಂದು ಬಾಯಿ ಮುಚ್ಚಿಸುವುದಕ್ಕಿಂತ ಮಗುವಿನ ಭಯವನ್ನು ಕೇಳಿಸಿಕೊಳ್ಳುವುದು ಮೇಲು. ಟಿ.ವಿ., ಮೊಬೈಲ್‌ಗಳನ್ನು ತುಸು ಹೊತ್ತು ಮುಚ್ಚಿಡುವುದೂ ಒಳ್ಳೆಯದೇ.

ಎರಡನೆಯದು ತಾಯ್ನುಡಿ. ಮನೆಯಲ್ಲಿ ಕನ್ನಡ ಮಾತು ಹೇಗೋ ಉಳಿಯುತ್ತದೆ, ಉಳಿಯದಿರುವುದು ಅಕ್ಷರ. ಶಾಲೆಯಲ್ಲಿ ಹಿಂದಿ, ಇಂಗ್ಲಿಷ್ ಕಲಿತು ಹೈಸ್ಕೂಲಿಗೆ ಬಂದ ಮಗು, ಅಜ್ಜಿ ಬರೆದ ಕಾಗದವನ್ನು ಅಮ್ಮನಿಂದ ಓದಿಸಿಕೊಳ್ಳಬೇಕಾಗುತ್ತದೆ. ರಜೆಯಲ್ಲಿ ಹಾಸನಕ್ಕೋ ಮಡಿಕೇರಿಗೋ ಬಂದಾಗ ಬಸ್ಸಿನ ಬೋರ್ಡು ಓದಲಾಗದೆ ತನ್ನವರ ನಡುವೆಯೇ ಪರಕೀಯವಾಗುತ್ತದೆ. ಇದಕ್ಕೆ ಮದ್ದು ದುಬಾರಿಯೇನಲ್ಲ. ಹಿಂದಿಗೂ ಕನ್ನಡಕ್ಕೂ ಕ ಖ ಗ ಘ ಕ್ರಮ ಒಂದೇ. ಹಿಂದಿ ಓದಬಲ್ಲ ಮಗು ಕಲಿಯಬೇಕಾದುದು ಮುಖ್ಯವಾಗಿ ಅಕ್ಷರಗಳ ರೂಪವನ್ನು. ದಿನಕ್ಕೆ ಕಾಲು ಗಂಟೆ ಕೊಟ್ಟು, ಟ್ರಂಕಿನಲ್ಲಿ ನಾಲ್ಕು ಕನ್ನಡ ಕಥೆ ಪುಸ್ತಕ ಇಟ್ಟುಕೊಂಡರೆ ಸಾಕು. ಅಪ್ಪನಿಗೆ ಬರೆಯುವ ಪತ್ರ ಕನ್ನಡದಲ್ಲೇ ಇರಲಿ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಕಾಪಿ ಪುಸ್ತಕ ಇನ್ನೊಂದಿಲ್ಲ.

ಮೂರನೆಯದು ಬೀಳ್ಕೊಡುಗೆ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮಗುವಿನ ಗೆಳೆಯರನ್ನು ಮರೆಯಬೇಡಿ. ವಿಳಾಸ ಬರೆದುಕೊಳ್ಳಲು, ಕೊನೆಯ ಆಟ ಆಡಲು ಒಂದು ದಿನ ಬಿಡಿ. ಹಾಗೆಯೇ ಪ್ರತಿ ಶಾಲೆಯ ಟಿ.ಸಿ., ಅಂಕಪಟ್ಟಿಗಳು ಒಂದೇ ಕಡತದಲ್ಲಿರಲಿ. ಮುಂದೆ ವೃತ್ತಿಶಿಕ್ಷಣಕ್ಕೆ ಸೇರುವಾಗ ಯಾವ ವರ್ಷ ಎಲ್ಲಿ ಓದಿದ್ದು ಎಂಬ ದಾಖಲೆ ಬೇಕಾದೀತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಈ ಬಾಲ್ಯ ಬರೀ ಕಷ್ಟದ್ದೆಂದು ತಿಳಿಯಬಾರದು. ಅಸ್ಸಾಮಿನ ಬಿಹು, ಪಂಜಾಬಿನ ಲೋಹ್ರಿ, ಕೊಡಗಿನ ಹುತ್ತರಿ ಎಲ್ಲವೂ ಇವರಿಗೆ ಪಕ್ಕದ ಮನೆಯ ಹಬ್ಬ. ಅಪರಿಚಿತರೊಡನೆ ಮೊದಲು ಮಾತು ಶುರು ಮಾಡುವ ಧೈರ್ಯ ಇವರಿಗೆ ಬೇಗ ಬರುತ್ತದೆ.

ವಿದ್ಯಾರ್ಥಿಗಳೇ, ವರ್ಷದ ನಡುವೆ ನಿಮ್ಮ ತರಗತಿಗೆ ಹೊಸಬನೊಬ್ಬ ಬಂದು ತಪ್ಪುತಪ್ಪಾಗಿ ಕನ್ನಡ ಮಾತಾಡಿದರೆ ನಗಬೇಡಿ. ನಿಮ್ಮ ನೋಟ್ಸ್ ಕೊಡಿ, ಊಟದ ಡಬ್ಬಿ ಹಂಚಿಕೊಳ್ಳಿ. ಎರಡು ವರ್ಷದ ಮಟ್ಟಿಗಾದರೂ ನಿಮ್ಮ ಊರು ಅವನ ಊರೂ ಆಗಲಿ.